ಮಲಗಿದ ತ್ರಿಭುಜ

ಸೆಪ್ಟೆಂಬರ್ 1, ಸೋಮವಾರ

ಗಂಟಲಿನ ಆಪರೇಷನ್ ಆಗಿ ಇವತ್ತಿಗೆ ಐದು ದಿನ. ಧ್ವನಿಪೆಟ್ಟಿಗೆಯ ಮೇಲೆ ಎದ್ದಿದ್ದ ಗಂಟನ್ನು ತೆಗೆದಿದ್ದಾರೆ. ಕೆಟ್ಟ ಗಂಟಲ್ಲವಂತೆ, ಕೂಗಿ ಕೂಗಿ ಬೆಳೆದದ್ದಂತೆ. ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟದ್ದಕ್ಕೆ ಸಿಕ್ಕ ಬಹುಮಾನ. ಮೂರು ವಾರ ಒಂದಕ್ಷರವನ್ನೂ ಆಡಬಾರದು, ಪಿಸುಗುಟ್ಟುವುದು ಇನ್ನೂ ಕೆಟ್ಟದ್ದು ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ತಲೆಯಾಡಿಸಿದೆ. ಅದೊಂದು ನನ್ನಿಂದ ಆಗುತ್ತದೆ.

ಮನೆಯಲ್ಲಿ ಮಾತಿಗೆ ಒಂದು ಸ್ಲೇಟು ಇಟ್ಟುಕೊಂಡಿದ್ದೇನೆ. ಅದರ ಮೇಲೆ ಬರೆದದ್ದನ್ನು ಯಾರು ಬೇಕಾದರೂ ಓದುತ್ತಾರೆ. ಯಾರೂ ಓದಬಾರದ್ದನ್ನು ಬರೆಯಲು ಈ ನೋಟ್‌ಬುಕ್ಕು. ಅತ್ತೆಗೆ ಸ್ಲೇಟೂ ಉಪಯೋಗವಿಲ್ಲ. ಅವರಿಗೆ ಕಿವಿ ಮಂದ, ಕಣ್ಣಿಗೆ ಪೊರೆ ಬೇರೆ ಬಂದಿದೆ. ಇಷ್ಟು ವರ್ಷ ನಾನು ಕಿರುಚಿ ಹೇಳಿದ್ದು ಮಾತ್ರ ಅವರಿಗೆ ತಲುಪುತ್ತಿತ್ತು. ಈಗ "ನನ್ನ ಮೇಲೆ ಕೋಪಾನೇನಮ್ಮ?" ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ. ಇವರು ಆಫೀಸಿನಿಂದ ಬಂದ ಮೇಲೆ ತಾಯಿಯ ಕಿವಿಯಲ್ಲಿ ಕೂಗಿ ನನ್ನ ಪರವಾಗಿ ಸಮಜಾಯಿಷಿ ಕೊಡುತ್ತಾರೆ.

ಶಾಲೆಯಲ್ಲಿ ಹೆಡ್ ಮೇಡಂ ಕರೆಸಿದ್ದರು. ನನ್ನ ಎಂಟನೇ ತರಗತಿಗೆ ಬದಲಿ ಮೇಡಂ ಒಬ್ಬರನ್ನು ತಂದಾಗಿದೆ. ನನಗೆ ಕಂಪ್ಯೂಟರ್ ಕೋಣೆ. ಶಾಲೆಯ ವೆಬ್‌ಸೈಟಿನಲ್ಲಿ ಮಕ್ಕಳು ಮುಟ್ಟಿ ಆಡಿಸಬಹುದಾದ ಚಲಿಸುವ ಪಾಠಗಳನ್ನು ನಾನು ಮಾಡಬೇಕಂತೆ. ಕೋಡ್ ಬರೆಯುವ ಕೆಲಸವಿಲ್ಲ, ಎಲ್ಲ ಸುಲಭ ಎಂದರು. ಸುಲಭ ಎಂದವರು ಅದನ್ನು ತೆರೆದು ನೋಡಿಲ್ಲ ಎನ್ನುವುದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು.

ಆಮೇಲೆ ನಿಜವಾದ ಮಾತು ಬಂತು. ನವೆಂಬರ್ ಮುಗಿಯುವುದರೊಳಗೆ ಧ್ವನಿ ಬಂದು, ಅವರ ಎದುರಿಗೆ ಒಂದು ಪರೀಕ್ಷಾ ಪಾಠ ಮಾಡಿ ತೋರಿಸಿದರೆ ಎಂಟನೇ ತರಗತಿ ವಾಪಸು ನನ್ನದು. ಇಲ್ಲದಿದ್ದರೆ ಬದಲಿ ಮೇಡಂ ಅಲ್ಲೇ ಖಾಯಂ, ನಾನು ಇಲ್ಲೇ ಖಾಯಂ. ಮಕ್ಕಳಿಗೆ ನಷ್ಟ ಆಗಬಾರದಲ್ಲ ಎಂದರು, ತಪ್ಪೇನೂ ಹೇಳಲಿಲ್ಲ. ಆದರೆ ನಾನು ಬಾಯಿ ತೆರೆದರೆ ನಲವತ್ತು ಜನ ಸುಮ್ಮನಾಗುವ ಜಾಗ ಪ್ರಪಂಚದಲ್ಲಿ ನನಗೆ ಅದೊಂದೇ ಇರುವುದು.

ಸೆಪ್ಟೆಂಬರ್ 2, ಮಂಗಳವಾರ

ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವನು ಅರ್ಧ ಗಂಟೆ ಕೂತು ತೋರಿಸಿದ. ಮಧ್ಯದಲ್ಲಿ ಬಿಳಿ ಹಾಳೆ, ಎಡಕ್ಕೆ ಗೆರೆ, ವೃತ್ತ, ಬಾಣಗಳ ರಾಶಿ, ಕೆಳಗೆ ಉದ್ದಕ್ಕೆ ಒಂದು ಕಾಲಪಟ್ಟಿ. ಬೇಕಾದ ಆಕಾರವನ್ನು ಎಳೆದು ತಂದು ಹಾಳೆಯ ಮೇಲೆ ಬಿಡುವುದು. ಅದು ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿನಲ್ಲಿ ಹೋಗಬೇಕು ಎಂದು ಪಟ್ಟಿಯ ಮೇಲೆ ಚುಕ್ಕಿ ಇಡುವುದು. ಬಲಗಡೆ ಒಂದು ಪೆಟ್ಟಿಗೆಯಲ್ಲಿ "ಯಾವಾಗ?" ಎಂದಿರುತ್ತದೆ, ಅದರ ಕೆಳಗೆ "ಏನಾಗಬೇಕು?" ಎಂದು. ಮುಟ್ಟಿದಾಗ, ಎಳೆದಾಗ, ಬಿಟ್ಟಾಗ, ಹೀಗೆ ಆರಿಸಿಕೊಂಡರಾಯಿತು.

"ಎಳೆಯೋದು, ಬಿಡೋದು, ಅಷ್ಟೇ ಮೇಡಂ. ನಮ್ಮನೇಲಿ ಚಿಕ್ಕವಳೂ ಮಾಡ್ತಾಳೆ" ಎಂದ. ಅವನ ಮನೆಯ ಚಿಕ್ಕವಳಿಗೆ ನಾಲ್ಕು ವರ್ಷ.

ಅವನು ಎದ್ದುಹೋದ ಮೇಲೆ ಒಂದು ವೃತ್ತವನ್ನು ಹಾಳೆಗೆ ತರಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಹಲಗೆಯ ಮೇಲೆ ಕೈ ಎತ್ತದೆ ಒಂದೇ ಏಟಿಗೆ ವೃತ್ತ ಬರೆಯುವವಳು ನಾನು. ಅಳು ಬಂತು. ಅಳುವಾಗಲೂ ಶಬ್ದ ಮಾಡಬಾರದಂತೆ.

ಸೆಪ್ಟೆಂಬರ್ 9, ಮಂಗಳವಾರ

ಕತ್ತು, ಕಣ್ಣು, ಬಲಗೈಯ ಹೆಬ್ಬೆರಳ ಬುಡ, ಎಲ್ಲ ನೋವು. ಮೊದಲ ಪಾಠ ತ್ರಿಭುಜದ ಒಳಕೋನಗಳ ಮೊತ್ತ. ಕಾಗದದ ತ್ರಿಭುಜ ಕತ್ತರಿಸಿ, ಮೂರು ಮೂಲೆಗಳನ್ನು ಹರಿದು, ಒಂದರ ಪಕ್ಕ ಒಂದು ಜೋಡಿಸಿದರೆ ನೇರ ಗೆರೆಯಾಗುತ್ತದೆ, ಅಂದರೆ ನೂರ ಎಂಬತ್ತು ಡಿಗ್ರಿ. ವರ್ಷಾ ವರ್ಷಾ ಮಾಡಿದ ಪಾಠ, ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ.

ಇಲ್ಲಿ ಮೂರು ಮೂಲೆಗಳೂ ಒಟ್ಟಿಗೇ ಹಾರಿಹೋಗುತ್ತವೆ. ಒಂದಾದ ಮೇಲೆ ಒಂದು ಹೋಗು ಎಂದು ಬೇರೆಯಾಗಿ ಹೇಳದಿದ್ದರೆ ಈ ಯಂತ್ರಕ್ಕೆ ಎಲ್ಲವೂ ಏಕಕಾಲಕ್ಕೆ ಆಗಬೇಕು. ಅದನ್ನು ಪತ್ತೆ ಹಚ್ಚುವುದರಲ್ಲಿ ಎರಡು ದಿನ ಹೋಯಿತು.

ಗೋಡೆಯ ಆಚೆ ನನ್ನ ತರಗತಿ. ಬದಲಿ ಮೇಡಂ ದನಿ ಗಂಟೆ ಹೊಡೆದ ಹಾಗೆ ಕೇಳುತ್ತದೆ. ಮಕ್ಕಳು ನಡುನಡುವೆ ನಗುತ್ತಾರೆ. ನನ್ನ ತರಗತಿಯಲ್ಲಿ ಯಾರೂ ನಗುತ್ತಿರಲಿಲ್ಲ. ಹೊಟ್ಟೆ ಉರಿಯುತ್ತದೆ ಎಂದು ಇಲ್ಲಲ್ಲದೆ ಇನ್ನೆಲ್ಲಿ ಬರೆಯಲಿ.

ಸೆಪ್ಟೆಂಬರ್ 15, ಸೋಮವಾರ

ಮೊದಲ ಪಾಠ ವೆಬ್‌ಸೈಟಿಗೆ ಏರಿತು. ಮೂವತ್ತನಾಲ್ಕು ಪುಟ. ನಾನು ಬಾಯಲ್ಲಿ ಹೇಳುವ ಒಂದು ಮಾತನ್ನೂ ಬಿಟ್ಟಿಲ್ಲ, ಎಲ್ಲವನ್ನೂ ಪೆಟ್ಟಿಗೆ ಪೆಟ್ಟಿಗೆಯಾಗಿ ಬರೆದು ಹಾಕಿದ್ದೇನೆ. ಹನ್ನೆರಡನೇ ಪುಟದಲ್ಲಿ ಮಕ್ಕಳ ಮನಸ್ಸು ಕಿಟಕಿಯ ಹೊರಗೆ ಹೋಗುವುದು ರೂಢಿ, ಹಾಗಾಗಿ ಅಲ್ಲಿ "ಗಮನ ಎಲ್ಲಿದೆ?" ಎಂದು ಕೆಂಪಕ್ಷರದಲ್ಲಿ ಪರದೆಯ ತುಂಬ ಬರುವ ಹಾಗೆ ಮಾಡಿದ್ದೇನೆ. ಹೆಡ್ ಮೇಡಂ ನೋಡಿ, ನೀವು ಎದುರಿಗೇ ನಿಂತ ಹಾಗಿದೆ ಎಂದರು. ಬಹಳ ದಿನಗಳ ಮೇಲೆ ಮನೆಗೆ ಸ್ವಲ್ಪ ಹಗುರವಾಗಿ ನಡೆದುಕೊಂಡು ಬಂದೆ.

ಸೆಪ್ಟೆಂಬರ್ 18, ಗುರುವಾರ

ಮಕ್ಕಳು ತಮ್ಮ ಹಾಜರಿ ಸಂಖ್ಯೆ ಹಾಕಿ ಪಾಠ ತೆರೆಯುತ್ತಾರೆ. ಯಾರು ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತರು ಎಂದು ಯಂತ್ರ ವರದಿ ಕೊಡುತ್ತದೆ. ಆ ವರದಿ ಇದೆ ಎಂದು ತಿಳಿಯದಿದ್ದರೆ ಒಳ್ಳೆಯದಿತ್ತು.

ಒಂದು ಪುಟಕ್ಕೆ ಸರಾಸರಿ ಎರಡು ಸೆಕೆಂಡು. ನಲವತ್ತು ಮಕ್ಕಳಲ್ಲಿ ಮೂವತ್ತಾರು ಮಂದಿ "ಮುಂದೆ" ಗುಂಡಿಯನ್ನು ಟಕಟಕ ಒತ್ತಿಕೊಂಡು ಕೊನೆ ಮುಟ್ಟಿದ್ದಾರೆ. "ಗಮನ ಎಲ್ಲಿದೆ?" ಪುಟದಲ್ಲಿ ಅರ್ಧ ಸೆಕೆಂಡು.

ತರಗತಿಯಲ್ಲೂ ಹೀಗೇ ಆಗುತ್ತಿತ್ತೇನೋ. ಅಲ್ಲಿ ಒತ್ತಲು ಗುಂಡಿ ಇರಲಿಲ್ಲ ಅಷ್ಟೇ. ಬೇಡ, ಇದನ್ನು ಯೋಚಿಸುವ ಶಕ್ತಿ ಇವತ್ತು ಇಲ್ಲ.

ಸೆಪ್ಟೆಂಬರ್ 22, ಸೋಮವಾರ

ಡಾಕ್ಟರು ಕ್ಯಾಮೆರಾ ಇಳಿಬಿಟ್ಟು ನೋಡಿದರು. ದಿನಕ್ಕೆ ಹತ್ತು ವಾಕ್ಯ ಆಡಬಹುದಂತೆ, ಮೆಲ್ಲಗೆ. ಮನೆಗೆ ಬರುವ ದಾರಿಯಲ್ಲಿ ಇವರಿಗೆ "ಛತ್ರಿ ತಂದಿಲ್ವಾ?" ಎಂದೆ. ನನ್ನದೇ ಧ್ವನಿ, ಕಾಗದ ಹರಿದ ಹಾಗಿತ್ತು, ಆದರೆ ನನ್ನದೇ. ಇವರು ರಸ್ತೆಯ ಮಧ್ಯದಲ್ಲಿ ನಿಂತುಬಿಟ್ಟರು, ಹಿಂದಿನವನು ಹಾರ್ನ್ ಮಾಡಿ ಬೈದ.

ಅಕ್ಟೋಬರ್ 1, ಬುಧವಾರ

ನನ್ನ ಕೈಯಾರೆ ಹಾಳು ಮಾಡಿಕೊಂಡೆ. ಶನಿವಾರ ಮನೆಯಲ್ಲಿ ಯಾರೂ ಇರಲಿಲ್ಲ, ಅತ್ತೆ ಇದ್ದರೂ ಅವರಿಗೆ ಕೇಳುವುದಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಇಡೀ ಪಾಠವನ್ನು ಒಪ್ಪಿಸಿದೆ. ನಲವತ್ತು ನಿಮಿಷ. ಗೋಡೆ ಎದುರು ನಿಂತು "ಹಿಂದಿನ ಬೆಂಚು, ಏನದು ಮಾತು?" ಎಂದು ಗದರಿಸಿದೆ ಕೂಡ. ಎಷ್ಟು ಹಾಯೆನಿಸಿತು ಎಂದರೆ ಹೇಳಲಾರೆ. ಭಾನುವಾರ ಬೆಳಿಗ್ಗೆ ಬಾಯಿ ತೆರೆದರೆ ಬರೀ ಗಾಳಿ.

ಇವತ್ತು ಡಾಕ್ಟರು ಬೈಯಲೂ ಇಲ್ಲ. ಚೀಟಿಯ ಮೇಲೆ "ಮತ್ತೆ ಏಳು ವಾರ ಪೂರ್ಣ ಮೌನ" ಎಂದು ಬರೆದು ಕೊಟ್ಟರು. ಏಳು ವಾರ ಎಂದರೆ ನವೆಂಬರ್ ಇಪ್ಪತ್ತು. ಆಮೇಲೆ ಉಳಿಯುವುದು ಹತ್ತೇ ದಿನ.

ಅಕ್ಟೋಬರ್ 2, ಗುರುವಾರ

ಸುಸ್ತು. ಏನೂ ಬರೆಯಬೇಕೆನಿಸುವುದಿಲ್ಲ.

ಅಕ್ಟೋಬರ್ 7, ಮಂಗಳವಾರ

ಮೂವತ್ತನಾಲ್ಕು ಪುಟದ ಪಾಠವನ್ನು ತೆಗೆದುಹಾಕಿದೆ. ಇನ್ನೊಂದು ಅಷ್ಟು ಉದ್ದದ್ದನ್ನು ಬರೆಯಲು ಕೈಯಲ್ಲಿ ಕಸುವಿಲ್ಲ, ಹಾಗಾಗಿ ಒಂದೇ ಪುಟ. ಒಂದು ತ್ರಿಭುಜ. ಅದರ ಯಾವ ಮೂಲೆಯನ್ನಾದರೂ ಮಕ್ಕಳು ಹಿಡಿದು ಎಳೆಯಬಹುದು. ಮೂಲೆಗೆ ಅಂಟಿಸಲು ಕೋನದ ಅಂಕಿ ಸಿದ್ಧವಾಗಿ ಸಿಗುತ್ತದೆ, ಎಳೆದ ಹಾಗೆ ಅಂಕಿ ಬದಲಾಗುತ್ತದೆ. ಕೆಳಗೆ ಮೂರರ ಮೊತ್ತ. ಅದು ಮಾತ್ರ ಬದಲಾಗುವುದಿಲ್ಲ. ವಿವರಣೆ, ಬಾಣ, ಕೆಂಪಕ್ಷರ ಯಾವುದೂ ಇಲ್ಲ. ಸೋಮಾರಿ ಕೆಲಸ ಎಂದು ನನಗೂ ಗೊತ್ತು. ಹಾಗೇ ಏರಿಸಿಬಿಟ್ಟೆ.

ಅಕ್ಟೋಬರ್ 10, ಶುಕ್ರವಾರ

ವರದಿ ನೋಡಿದೆ. ಹೆಚ್ಚಿನವರು ಎರಡು ಮೂರು ನಿಮಿಷ ಇದ್ದಾರೆ. ಒಬ್ಬಳು ಮಾತ್ರ ಹತ್ತೊಂಬತ್ತು ನಿಮಿಷ. ಹಾಜರಿ ಸಂಖ್ಯೆ ಮೂವತ್ತೊಂದು, ಅಂದರೆ ಕಿಟಕಿರಾಣಿ. ನಾನಿಟ್ಟ ಹೆಸರು ಅದು. ಕಿಟಕಿಯ ಪಕ್ಕ ಕೊನೆಯ ಬೆಂಚಿನಲ್ಲಿ ಕೂತು ಹೊರಗೆ ನೋಡುವುದೇ ಅವಳ ಕೆಲಸ. ಏಳನೇ ತರಗತಿಯಿಂದ ನನ್ನ ಕೈಯಲ್ಲಿದ್ದಾಳೆ, "ಎಸ್ ಮಿಸ್" ಬಿಟ್ಟು ಎರಡನೇ ಮಾತು ಕೇಳಿಲ್ಲ.

ಹತ್ತೊಂಬತ್ತು ನಿಮಿಷ ಏನು ಮಾಡಿದ್ದಾಳೆ ಎಂದು ತೆಗೆದು ನೋಡಿದರೆ ಬರೀ ಕಿಡಿಗೇಡಿತನ. ಮೇಲಿನ ಮೂಲೆಯನ್ನು ಹಿಡಿದು ಕೆಳಗಿನ ಗೆರೆಯ ಮೇಲೆ ಒತ್ತಿ ಮಲಗಿಸಿದ್ದಾಳೆ. ಎತ್ತಿದ್ದಾಳೆ, ಮತ್ತೆ ಮಲಗಿಸಿದ್ದಾಳೆ. ಹೀಗೇ ಇಪ್ಪತ್ತಾರು ಸಲ. ಮಲಗಿದರೆ ತ್ರಿಭುಜವೇ ಇಲ್ಲ, ಒಂದು ಗೆರೆ ಅಷ್ಟೇ. ನಾನು ಒಂದು ಚಿತ್ರ ನಿಲ್ಲಿಸಲು ವಾರಗಟ್ಟಲೆ ಕಣ್ಣು ಸವೆಸಿಕೊಳ್ಳುವುದು, ಇವಳು ಅದನ್ನು ನೆಲಕ್ಕೆ ಒತ್ತುವುದು. ಮೇಲಿನ ಮೂಲೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯದ ಹಾಗೆ ಮಿತಿ ಹಾಕಿದೆ. ಆ ಮಿತಿ ಎಲ್ಲಿ ಹಾಕುವುದೆಂದು ಹುಡುಕುವುದರಲ್ಲಿ ಮಧ್ಯಾಹ್ನವೆಲ್ಲ ಹೋಯಿತು. ಮುಗಿಸಿದಾಗ ಏನೋ ಗೆದ್ದ ಹಾಗಾಯಿತು.

ಅಕ್ಟೋಬರ್ 14, ಮಂಗಳವಾರ

ಊಟದ ಬಿಡುವಿನಲ್ಲಿ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಯಾರೋ ನಿಂತಿದ್ದರು. ಕಿಟಕಿರಾಣಿ. ಒಳಗೆ ಬಾ ಎಂದು ಕೈ ಮಾಡಿದೆ.

"ಮಿಸ್, ತ್ರಿಭುಜ ಮೊದ್ಲು ಮಲಗ್ತಿತ್ತು. ಈಗ ಮಲಗಲ್ಲ."

ಸ್ಲೇಟಿನ ಮೇಲೆ "ಮಲಗಿದರೆ ಅದು ತ್ರಿಭುಜ ಅಲ್ಲ. ಅದಕ್ಕೇ ಸರಿಮಾಡಿದೆ" ಎಂದು ಬರೆದು ತೋರಿಸಿದೆ. ಓದಿದಳು. ಇನ್ನು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಕಾಲ್ಬೆರಳಿನಿಂದ ನೆಲ ಒತ್ತುತ್ತ ನಿಂತೇ ಇದ್ದಳು. ಧ್ವನಿ ಇದ್ದಿದ್ದರೆ ಎರಡು ಮಾತಿನಲ್ಲಿ ಆಟಕ್ಕೆ ಕಳಿಸಿಬಿಡುತ್ತಿದ್ದೆ. ಸ್ಲೇಟು ಒರೆಸಿ ಮತ್ತೆ ಬರೆಯುವಷ್ಟು ಚೈತನ್ಯವಿರಲಿಲ್ಲ. ಸುಮ್ಮನೆ ಅವಳ ಮುಖ ನೋಡಿದೆ. ಬಹಳ ಹೊತ್ತಾಯಿತು. ನನ್ನ ನಾಲಗೆ ತುರಿಸುತ್ತಿತ್ತು.

"ತ್ರಿಭುಜ ಅಲ್ಲ ಅಂದ್ರೂ, ಅಲ್ಲೂ ನೂರ ಎಂಬತ್ತೇ ಇತ್ತಲ್ಲ ಮಿಸ್" ಎಂದಳು.

ಅವಳು ಮೌಸ್ ಕಡೆ ನೋಡಿದಳು. ಕುರ್ಚಿ ಸರಿಸಿ ಜಾಗ ಕೊಟ್ಟೆ. ಮಿತಿ ಹಾಕಿದ ಜಾಗದವರೆಗೂ ಮೂಲೆಯನ್ನು ಇಳಿಸಿ, ಅಲ್ಲಿ ಅದು ತಡೆದು ನಿಂತಾಗ ಬೆರಳಲ್ಲಿ ಪರದೆಯ ಮೇಲೆ ಉಳಿದ ದಾರಿ ತೋರಿಸಿದಳು.

"ಮೇಲಿನದನ್ನ ಒತ್ತಿದಷ್ಟೂ ಅದು ದೊಡ್ಡದಾಗ್ತಾ ಬರುತ್ತೆ. ಈ ಎರಡು ಸಣ್ಣದಾಗ್ತಾ ಹೋಗ್ತಾವೆ. ಪೂರ್ತಿ ಮಲಗಿದಾಗ ಇವೆರಡೂ ಸೊನ್ನೆ, ಎಲ್ಲಾ ಅದರ ಹತ್ರನೇ ಬಂದುಬಿಡುತ್ತೆ. ಎತ್ತಿದ್ರೆ ಮತ್ತೆ ಮೂವರೂ ಹಂಚಿಕೊಳ್ತಾರೆ. ಹೊಸದಾಗಿ ಏನೂ ಬರಲ್ಲ ಮಿಸ್, ಇದ್ದಿದ್ದು ಎಲ್ಲೂ ಹೋಗಲ್ಲ. ಅದು ಸರಿನಾ ಅಂತ ನೋಡೋಕೆ ಪದೇ ಪದೇ ಮಲಗಿಸ್ತಿದ್ದೆ."

ಹೇಳಿ ಮುಗಿಸುವುದರಲ್ಲಿ ಹನ್ನೊಂದು ನಿಮಿಷವಾಯಿತು. ಮಧ್ಯದಲ್ಲಿ ಎಷ್ಟು ಸಲ ನಿಂತಳೋ. ನನ್ನ ಬಿಡುವೆಲ್ಲ ಮುಗಿದು ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಉಳಿಯಿತು. ಸ್ಲೇಟಿನಲ್ಲಿ "ಸರಿ" ಎಂದಷ್ಟೇ ಬರೆದೆ. ಅವಳು ಸ್ಲೇಟನ್ನು ಸ್ವಲ್ಪ ಹೊತ್ತು ನೋಡಿ ಓಡಿಹೋದಳು.

ಇಪ್ಪತ್ತೆರಡು ವರ್ಷ ಮೂರು ಮೂಲೆ ಹರಿದು ಅಂಟಿಸಿ ತೋರಿಸಿದ್ದೇನೆ. ತ್ರಿಭುಜವನ್ನು ಮಲಗಿಸಿ ನೋಡಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಹಸಿವೂ ಆಗಿತ್ತು.

ಅಕ್ಟೋಬರ್ 15, ಬುಧವಾರ

ಮಿತಿ ತೆಗೆದೆ. ಹಾಕಲು ಒಂದು ಮಧ್ಯಾಹ್ನ ಬೇಕಾಗಿತ್ತು, ತೆಗೆಯಲು ಒಂದು ಕ್ಲಿಕ್ಕು.

ಅಕ್ಟೋಬರ್ 22, ಬುಧವಾರ

ಮನೆಯಲ್ಲಿ ಇವರಿಗೆ ಮಾತು ಜಾಸ್ತಿಯಾಗಿದೆ. ಮೊದಲು ಹೀಗಿರಲಿಲ್ಲ, ನಾಲ್ಕು ಮಾತಾಡಿ ಪೇಪರು ಹಿಡಿಯುವ ಮನುಷ್ಯ. ಸಂಜೆ ಬಟ್ಟೆ ಮಡಿಸುತ್ತಿದ್ದಾಗ ಎದುರಿಗೆ ಬಂದು ಕೂತು, ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ತಾವೆಷ್ಟು ಹೆದರಿದ್ದರೆಂದು ಹೇಳತೊಡಗಿದರು. ಕೆಟ್ಟ ಗಂಟೇನೋ ಎಂದು ಅಂದುಕೊಂಡಿದ್ದರಂತೆ. "ನೀನು ಬೈದುಕೊಂಡೇ ಇರ್ಬೇಕು ಕಣೆ, ಅದಿಲ್ದೆ ಮನೆ ಮನೆ ಥರ ಇಲ್ಲ ಅಂತ ಅಲ್ಲಿ ಕೂತು ಅತ್ತುಬಿಟ್ಟೆ" ಎಂದರು. ಮಡಿಸಿದ ಅಂಗಿಯನ್ನೇ ಮತ್ತೆ ಬಿಡಿಸಿ ಮಡಿಸುತ್ತ ಕೂತಿದ್ದೆ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಇಂಥದ್ದೆಲ್ಲ ಇವರು ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ. ಗಂಡಸರ ಸ್ವಭಾವವೇ ಹಾಗೆ ಇರಬೇಕು.

ಅತ್ತೆಯ ಜೊತೆ ಈಗ ಕೈ ಹಿಡಿದು ವ್ಯವಹಾರ. ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಅಲ್ಲ. ಪಕ್ಕದ ಮನೆಯವರಿಗೆ ಅತ್ತೆ ಹೇಳುತ್ತಿದ್ದರು, ಸೊಸೆ ಈಗೀಗ ಮಾತಾಡುವುದು ಬಹಳ ಚೆನ್ನಾಗಿ ಅರ್ಥವಾಗುತ್ತದೆ ಎಂದು.

ನವೆಂಬರ್ 3, ಸೋಮವಾರ

ಇದುವರೆಗೆ ಆರು ಪುಟ ಏರಿವೆ. ಈಗ ನನ್ನ ತಲೆನೋವು "ಕಾಯಿ" ಎನ್ನುವ ಪೆಟ್ಟಿಗೆ. ಮಗು ಏನೂ ಮಾಡದೆ ಸುಮ್ಮನಿದ್ದರೆ ಇಷ್ಟು ಸೆಕೆಂಡು ಕಾದು ಸುಳಿವು ತೋರಿಸು ಎಂದು ಅದರಲ್ಲಿ ಹೇಳಬಹುದು. ಯಂತ್ರ ತಾನಾಗಿಯೇ ಮೂರು ಸೆಕೆಂಡು ಹಾಕಿರುತ್ತದೆ. ವರದಿ ನೋಡಿದರೆ, ಸುಳಿವು ಬಂದ ಕೂಡಲೇ ಮಕ್ಕಳು ಎಳೆಯುವುದು ಬಿಟ್ಟು ಸುಳಿವನ್ನೇ ಓದಿ ಮುಂದೆ ಹೋಗುತ್ತಾರೆ. ಹತ್ತು ಮಾಡಿದೆ. ಆಮೇಲೆ ಇಪ್ಪತ್ತೈದು. ಇವತ್ತು ಸುಳಿವನ್ನೇ ಕಿತ್ತುಹಾಕಿದೆ. ಸರಿಯೋ ತಪ್ಪೋ ತಿಳಿಯದು. ಈ ಅಂಕಿ ಬದಲಾಯಿಸಿ ಬದಲಾಯಿಸಿ ತಲೆ ಚಿಟ್ಟು ಹಿಡಿದಿದೆ.

ನನ್ನ ಧ್ವನಿ ವಾಪಸು ಬರುತ್ತದೋ ಇಲ್ಲವೋ. ರಾತ್ರಿ ಮಲಗುವಾಗ ಗಂಟಲಿನ ಮೇಲೆ ಕೈ ಇಟ್ಟುಕೊಳ್ಳುತ್ತೇನೆ. ಬಾಯಿ ಮಾತ್ರ ತೆರೆದು ನೋಡಿಲ್ಲ. ಆ ಪಾಠ ಕಲಿತಾಯಿತು.

ನವೆಂಬರ್ 11, ಮಂಗಳವಾರ

ಬದಲಿ ಮೇಡಂ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ದೊಪ್ಪನೆ ಕೂತಳು. ಹತ್ತಿರದಿಂದ ನೋಡಿದ್ದು ಇದೇ ಮೊದಲು, ನನ್ನ ಅಕ್ಕನ ಮಗಳ ವಯಸ್ಸು ಇರಬೇಕು. ದನಿ ಒಡೆದಿತ್ತು. ಐದು ತರಗತಿ ಒಂದರ ಹಿಂದೆ ಒಂದು, ಒಂದು ಕ್ಷಣ ಸುಮ್ಮನಾದರೂ ಮಕ್ಕಳು ಕೈ ಮೀರಿ ಹೋಗುತ್ತಾರೆ, ನಗಿಸಿ ನಗಿಸಿ ಹಿಡಿದುಕೊಂಡಿದ್ದೇನೆ, ಮನೆಗೆ ಹೋದರೆ ಯಾರ ಜೊತೆಯೂ ಮಾತು ಬೇಡವೆನ್ನಿಸುತ್ತದೆ ಎಂದಳು. ಹೇಳುತ್ತ ಹೇಳುತ್ತ ಕಣ್ಣು ತುಂಬಿಕೊಂಡಳು. ನನ್ನ ಫ್ಲಾಸ್ಕಿನ ಬಿಸಿನೀರು ಬಗ್ಗಿಸಿ ಕೊಟ್ಟೆ. ಸ್ಲೇಟಿನ ಮೇಲೆ ಗಂಟಲಿನ ಡಾಕ್ಟರ ವಿಳಾಸ ಬರೆದು ತೋರಿಸಿದಾಗ ಅಳುವಿನ ನಡುವೆ ನಕ್ಕಳು.

ಇವಳ ಮೇಲೆ ಹೊಟ್ಟೆ ಉರಿದುಕೊಂಡು ಎರಡು ತಿಂಗಳು ದಂಡ ಮಾಡಿದೆ.

ನವೆಂಬರ್ 20, ಗುರುವಾರ

ಡಾಕ್ಟರು ನೋಡಿ, ಆ ಅನ್ನಿ ಎಂದರು. ಅಂದೆ. ಇನ್ನೊಂದು ಸಲ ಅನ್ನಿ ಎಂದರು. ಬಂತು. ಮೊದಲಿನ ಗಟ್ಟಿತನವಿಲ್ಲ, ಸ್ವಲ್ಪ ಗಡಸು, ಆದರೆ ಒಡೆಯದೆ ನಿಂತಿತು. ದಿನಕ್ಕೆ ಒಂದು ಗಂಟೆ ಮಾತಾಡಬಹುದು, ಏರುದನಿ ಮಾತ್ರ ಇನ್ನು ಜನ್ಮದಲ್ಲಿ ಬೇಡ ಎಂದರು. ಪರೀಕ್ಷಾ ಪಾಠ ಮುಂದಿನ ಶುಕ್ರವಾರ ಎಂದು ಹೆಡ್ ಮೇಡಂ ತಿಳಿಸಿದ್ದಾರೆ. ಇವರು ಸಂತೋಷಕ್ಕೆ ಏನಾದರೂ ಮಾತಾಡು ಎಂದು ಪೀಡಿಸಿದರು. ಏನು ಮಾತಾಡುವುದು ಎಂದೇ ಹೊಳೆಯಲಿಲ್ಲ, "ನೀವೇ ಹೇಳಿ" ಎಂದೆ.

ನವೆಂಬರ್ 27, ಗುರುವಾರ

ನಾಳೆ. ಗಂಟಲು ಸರಿಯಿದೆ. ಏರುದನಿ ಇಲ್ಲದೆ ನಲವತ್ತು ಮಕ್ಕಳನ್ನು ಹೇಗೆ ಹಿಡಿಯುವುದು? ಕೂಗಿದರೆ ಗಂಟಲು ಹೋಗುತ್ತದೆ, ಕೂಗದಿದ್ದರೆ ತರಗತಿ ಹೋಗುತ್ತದೆ. ಸುಸ್ತಾಗಿದೆ, ಆಗುವುದು ಆಗಲಿ.

ನವೆಂಬರ್ 28, ಶುಕ್ರವಾರ

ಮುಗಿಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹೆಡ್ ಮೇಡಂ ಒಂದು ಫಾರಂ ಹಿಡಿದು ಕೊನೆಯ ಸಾಲಿನಲ್ಲಿ ಕೂತಿದ್ದರು. ಮಕ್ಕಳು ಎದ್ದು ನಿಂತರು. "ಎಲ್ಲರೂ ಕೂತ್ಕೊಳ್ಳಿ" ಎಂದೆ. ಅಷ್ಟು ಸಣ್ಣ ದನಿ ನನ್ನದೆಂದು ನಂಬಲಾರದೆ ಮುಂದಿನ ಬೆಂಚಿನವರು ಮುಖ ಮುಖ ನೋಡಿಕೊಂಡರು. ಹಲಗೆಯ ಮೇಲೆ ತ್ರಿಭುಜ ಬರೆದೆ. "ಈ ಬದಿಯನ್ನ ಹೀಗೆ ಮುಂದಕ್ಕೆ ಎಳೀತೀನಿ" ಎಂದು ಕೆಳಗಿನ ಗೆರೆಯನ್ನು ತ್ರಿಭುಜದ ಆಚೆಗೂ ಎಳೆದೆ. ಹೊರಗೆ ಹೊಸದೊಂದು ಕೋನ ಹುಟ್ಟಿತು. "ಹೊರಗಿನ ಈ ಕೋನ ಎಷ್ಟಿರಬಹುದು? ಯಾರು ಬರ್ತೀರಿ?" ಎಂದು ಕೇಳಿದೆ.

ಯಾರೂ ಏಳಲಿಲ್ಲ. ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು ನಿಂತುಕೊಂಡೆ. ಸ್ವಲ್ಪ ಹೊತ್ತಿಗೆ ಕಿಟಕಿಯ ಬದಿಯಿಂದ ಅವಳು ಎದ್ದು ಬಂದಳು. ಎದ್ದದ್ದನ್ನು ನೋಡಿ ಮಕ್ಕಳಿಗೇ ಆಶ್ಚರ್ಯ. ಹಲಗೆಯ ಹತ್ತಿರ ಬಂದು, ಒಳಗಿನ ಮೂರು ಕೋನಗಳಿಗೂ ಗುರುತು ಹಾಕಿದಳು. ಹೊರಗಿನದಕ್ಕೂ ಹಾಕಿದಳು. ಅಲ್ಲಿಗೆ ನಿಂತುಬಿಟ್ಟಳು. ಚಾಕ್‌ಪೀಸು ಗಾಳಿಯಲ್ಲಿ, ಮುಖ ಹಲಗೆಗೆ. ಅವಳ ಬೆನ್ನನ್ನು ನೋಡಿದರೇ ಒಳಗೆ ಏನೋ ನಡೆಯುತ್ತಿದೆ ಎಂದು ತಿಳಿಯುತ್ತಿತ್ತು. ಫ್ಯಾನು ತಿರುಗುವ ಸದ್ದು ಬಿಟ್ಟರೆ ಇನ್ನೇನಿಲ್ಲ. ಒಂದು ನಿಮಿಷವಾಗಿರಬೇಕು, ಹೆಚ್ಚೂ ಇರಬಹುದು.

ಹಿಂದಿನಿಂದ ಕುರ್ಚಿ ಸರಿದ ಸದ್ದು ಬಂತು. ಹೆಡ್ ಮೇಡಂ ಎದ್ದು ಮುಂದೆ ಬರುತ್ತಿದ್ದರು, ಮುಖದಲ್ಲಿ ನಿಜವಾದ ಮರುಕವಿತ್ತು.

"ಪರವಾಗಿಲ್ಲ ಮೇಡಂ, ತೊಂದರೆ ತಗೋಬೇಡಿ. ಗಂಟಲು ಇನ್ನೂ ಸರಿಹೋದ ಹಾಗಿಲ್ಲ. ಇದೊಂದನ್ನ ನಾನೇ ಹೇಳಿ ಮುಗಿಸ್ತೀನಿ" ಎನ್ನುತ್ತ ಹುಡುಗಿಯ ಕೈಯಲ್ಲಿದ್ದ ಚಾಕ್‌ಪೀಸಿಗೆ ಕೈ ಚಾಚಿದರು. ಅವರ ಫಾರಂ ನನ್ನ ಕಣ್ಣಿಗೆ ಬಿತ್ತು. ಧ್ವನಿ ಎನ್ನುವ ಸಾಲಿನ ಎದುರು "ಇಲ್ಲ" ಎಂದು ಆಗಲೇ ಬರೆದಿದ್ದರು.

"ಗಂಟಲು ಚೆನ್ನಾಗಿದೆ ಮೇಡಂ" ಎಂದೆ. "ಅವಳು ಯೋಚನೆ ಮಾಡ್ತಿದ್ದಾಳೆ, ನೀವು ಕೂತ್ಕೊಳ್ಳಿ."

ಇಪ್ಪತ್ತೆರಡು ವರ್ಷದಲ್ಲಿ ಈ ಶಾಲೆಯ ಯಾವ ಹೆಡ್ ಮೇಡಂಗೂ ನಾನು ಕೂತ್ಕೊಳ್ಳಿ ಎಂದಿರಲಿಲ್ಲ. ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ನನ್ನನ್ನೊಮ್ಮೆ ಹಲಗೆಯನ್ನೊಮ್ಮೆ ನೋಡಿ, ಹೋಗಿ ಕೂತರು.

ಹುಡುಗಿ ತಿರುಗಿಯೂ ನೋಡಲಿಲ್ಲ. ಇದ್ಯಾವುದೂ ಅವಳಿಗೆ ಕೇಳಿಸಿರಲೇ ಇಲ್ಲವೇನೋ. ಆಮೇಲೆ ಹಲಗೆಗೇ ಹೇಳುವ ಹಾಗೆ ಹೇಳಿದಳು, "ಒಳಗಿನ ಇದಕ್ಕೆ ಉಳಿದ ಎರಡು ಸೇರಿದ್ರೂ ನೂರ ಎಂಬತ್ತು. ಹೊರಗಿನದೊಂದೇ ಸೇರಿದ್ರೂ ನೂರ ಎಂಬತ್ತು, ಯಾಕಂದ್ರೆ ಅದು ನೇರ ಗೆರೆ. ಹಾಗಾದ್ರೆ ಹೊರಗಿನದು, ಆ ಎರಡೂ ಸೇರಿದಷ್ಟೇ."

"ಇನ್ನೊಂದ್ಸಲ ಹೇಳು" ಎಂದೆ. ಈ ಸಲ ತರಗತಿಯ ಕಡೆ ತಿರುಗಿ ಹೇಳಿದಳು. ಎರಡನೇ ಸಾಲಿನವಳೊಬ್ಬಳು ಒಪ್ಪಲಿಲ್ಲ, ಎದ್ದು ಬಂದು ಬೇರೆ ತ್ರಿಭುಜ ಬರೆದು ಅಳೆದಳು. ಇನ್ನಿಬ್ಬರು ಬಂದರು. ಅವರವರಲ್ಲೇ ವಾದವಾಯಿತು, ಚಾಕ್‌ಪೀಸು ಕೈ ಬದಲಾಯಿತು. ಗಂಟೆ ಹೊಡೆದಾಗ ಇನ್ನೂ ಅಲ್ಲೇ ಇದ್ದರು. ನಾನು ಸಿದ್ಧಮಾಡಿಕೊಂಡಿದ್ದ ಪಾಠದ ಉಳಿದರ್ಧ ಹಾಗೇ ಉಳಿಯಿತು.

ಹೆಡ್ ಮೇಡಂ ತಮ್ಮ ಕೋಣೆಗೆ ಕರೆದರು. ಫಾರಂನಲ್ಲಿ "ಇಲ್ಲ" ಎಂದಿದ್ದನ್ನು ಹೊಡೆದು ಹಾಕಿ "ಇದೆ" ಎಂದು ಬರೆದು ಸಹಿ ಮಾಡಿದರು. ಸೋಮವಾರದಿಂದ ಎಂಟನೇ ತರಗತಿ ನನ್ನದು, ಬದಲಿ ಮೇಡಂಗೆ ಆರನೇ ತರಗತಿ ಮಾತ್ರ. ನನಗೆ ಕಣ್ಣು ತುಂಬಿ ಬಂತು, ಅವರ ಎದುರೇ ಒರೆಸಿಕೊಂಡೆ. ಹೊರಡುವಾಗ ಅವರು ಕೇಳಿದರು, "ಒಂದು ವಿಷಯ ಅರ್ಥ ಆಗಲಿಲ್ಲ. ಅಲ್ಲಿ ಕೂತು ಎಣಿಸ್ದೆ ನಾನು. ನಲವತ್ತು ನಿಮಿಷದಲ್ಲಿ ನೀವು ಆಡಿದ್ದು ಏಳು ವಾಕ್ಯ. ಧ್ವನಿ ಇಟ್ಕೊಂಡೂ ಯಾಕೆ ಮಾತಾಡ್ಲಿಲ್ಲ?"

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಇಡೀ ಪಾಠ ನಾನೇ ಮೊದಲಿನ ಹಾಗೆ ಮಾತಾಡಿದ್ದೇನೆ ಎಂದೇ ನನಗನ್ನಿಸಿತ್ತು. ಮನೆಗೆ ಬಂದು, ಕುರ್ಚಿಯಲ್ಲಿ ಕೂತು, ಒಂದೊಂದನ್ನೇ ನೆನಪು ಮಾಡಿಕೊಂಡು ಬೆರಳು ಮಡಿಸಿದೆ. ಏಳೇ. ಅದರಲ್ಲೂ ಎರಡು ಅವರಿಗೆ ಹೇಳಿದ್ದು.